ಗೇಟು ಹಾಕಿದ್ದ ಹತ್ತು ನಿಮಿಷ

ಪ್ರಿಯ ಕಥೆಗಾರರೇ,

ನಿಮ್ಮ ಕಥೆ ಕೈಸೇರಿ ಇಪ್ಪತ್ತು ದಿನವಾಯಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಬಂತು, ಆದರೆ ಅದರ ಕಾರಣ ಬೇರೆ. ಉತ್ತರವನ್ನು ಇದೇ ಅಂಕಣದಲ್ಲಿ ಹಾಕಲು ಫೋನಿನಲ್ಲಿ ಒಪ್ಪಿದ್ದೀರಿ, ಹೆಸರು ಮಾತ್ರ ಬೇಡವೆಂದಿರಿ. ಹೆಸರೂ ಹಾಕಿಲ್ಲ, ಊರೂ ಹಾಕಿಲ್ಲ.

ಒಳ್ಳೆಯ ಮಾತನ್ನು ಮೊದಲೇ ಆಡಿಬಿಡುತ್ತೇನೆ. ಕಾಗುಣಿತ ಶುದ್ಧವಾಗಿದೆ, ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಜಾಗದಲ್ಲಿವೆ. ದಾವಣಗೆರೆಗೆ ಬೆಂಗಳೂರಿನ ಅಂಗಿ ತೊಡಿಸಿಲ್ಲ. ಸಂತೋಷ. ಹೊಗಳಿಕೆ ಇಷ್ಟೇ.

ಕಥೆ ಓದಿಲ್ಲದವರಿಗೆ ಎರಡು ಮಾತು. ಹದಿನೈದು ವರ್ಷದ ಹಿಂದಿನ ದಾವಣಗೆರೆ. ವಿನಯ್ ಇಂಜಿನಿಯರಿಂಗ್ ಕೊನೇ ವರ್ಷ, ಸಿಂಚನಾ ಬಿ.ಕಾಂ. ಅವಳ ಅಪ್ಪನದು ಎಪಿಎಂಸಿಯಲ್ಲಿ ದಲ್ಲಾಳಿ ಮಂಡಿ. ಎರಡನೇ ಪುಟದಲ್ಲಿ ಸಿಟಿ ಬಸ್ಸಿನೊಳಗೆ ಕಣ್ಣು ಕೂಡುತ್ತವೆ, ಮೂರನೇ ಪುಟದಲ್ಲಿ ಪ್ರೇಮನಿವೇದನೆ, ಐದನೇ ಪುಟದಲ್ಲಿ ಅಪ್ಪನ ಹಮಾಲರು ದೊಣ್ಣೆ ಹಿಡಿದು ಬರುತ್ತಾರೆ, ಏಳನೆಯದರಲ್ಲಿ ಅಪ್ಪನ ಮನಸ್ಸು ಕರಗುತ್ತದೆ, ಎಂಟರಲ್ಲಿ ಮದುವೆ ಊಟ.

ಕಥೆಯ ಜೊತೆ ಒಂದು ಪತ್ರ ಇಟ್ಟಿದ್ದಿರಿ. ಸಿಟ್ಟು ಶುರುವಾಗಿದ್ದೇ ಅಲ್ಲಿಂದ. ‘ಪ್ರೇಮಕಥೆ ಎಲ್ಲರಿಗೂ ಇಷ್ಟ, ಯಾಕೆಂದರೆ ಪ್ರೀತಿ ಎಲ್ಲರ ಎದೆಯಲ್ಲೂ ಇದೆ. ಆದ್ದರಿಂದ ನನ್ನ ಕಥೆಯನ್ನೂ ಓದುಗರು ಖಂಡಿತ ಮೆಚ್ಚುತ್ತಾರೆ.’ ಸ್ವಾಮೀ, ಹಸಿವು ಎಲ್ಲರ ಹೊಟ್ಟೆಯಲ್ಲೂ ಇದೆ. ಹಾಗಂತ ಕಾದ ಹೆಂಚಿನ ಮೇಲೆ ಯಾರು ಹಿಟ್ಟು ಹುಯ್ದರೂ ಬೆಣ್ಣೆದೋಸೆ ಆಗುತ್ತದೆಯೇ? ನಮ್ಮೂರಲ್ಲಿ ಹೀಗೆ ನಂಬಿ ಹೋಟೆಲು ಇಟ್ಟವರು ಇದ್ದಾರೆ. ಆರು ತಿಂಗಳಿಗೆ ಷಟರ್ ಎಳೆದರು.

ಈಗ ನಿಮ್ಮ ಎರಡನೇ ಪುಟ. ಮೂರು ಸಾಲು, ಇದ್ದಂತೆಯೇ ಎತ್ತಿಕೊಳ್ಳುತ್ತೇನೆ.

‘ಅವಳ ಚಂದ್ರನಂತಹ ಮುಖವನ್ನು ಕಂಡೊಡನೆ ವಿನಯ್‌ನ ಹೃದಯಬಡಿತ ನಿಂತೇಹೋಯಿತು. ಪದಗಳಲ್ಲಿ ವರ್ಣಿಸಲಾಗದ ಭಾವವೊಂದು ಅವನನ್ನು ಆವರಿಸಿತು. ಅವಳ ಕಂಗಳ ಕಡಲಿನಲ್ಲಿ ಅವನು ಮುಳುಗಿಹೋದನು.’

ಮೊದಲನೆಯ ಸಾಲು. ಕಥೆಯಲ್ಲಿ ಅದು ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದೂವರೆ, ನೀವೇ ಬರೆದಿದ್ದೀರಿ. ಆ ಹೊತ್ತಿಗೆ ದಾವಣಗೆರೆಯ ಸಿಟಿ ಬಸ್ಸಿನಲ್ಲಿ ಯಾರ ಮುಖವೂ ಚಂದ್ರನ ಹಾಗಿರುವುದಿಲ್ಲ. ಪೌಡರು ಬೆವರಿಗೆ ಕರಗಿ ಕಿವಿಯ ಹತ್ತಿರ ಗೆರೆ ಗೆರೆಯಾಗಿರುತ್ತದೆ. ದುಪಟ್ಟಾದ ತುದಿ ಮಡಚಿ ಕತ್ತು ಒರೆಸಿಕೊಳ್ಳುತ್ತಿರುತ್ತಾರೆ. ಇನ್ನೊಂದು ಕೈಯಲ್ಲಿ ಪಾಸು, ಟಿಫಿನ್ ಡಬ್ಬಿ, ಎರಡು ರೆಕಾರ್ಡ್ ಬುಕ್ಕು. ಆ ಮುಖವನ್ನು ಕಂಡು ಮನಸೋತವನಿದ್ದರೆ ಅವನ ಕಥೆ ಕೇಳಲು ನಾನು ತಯಾರು. ಚಂದ್ರನಿಗೆ ಮನಸೋಲುವುದರಲ್ಲಿ ಅವನ ಹೆಚ್ಚುಗಾರಿಕೆ ಏನಿದೆ?

ಇನ್ನು ಹೃದಯಬಡಿತ ನಿಲ್ಲುವುದು. ಭರತನ ನಾಟ್ಯಶಾಸ್ತ್ರ ಸಾತ್ವಿಕ ಭಾವಗಳನ್ನು, ಅಂದರೆ ಮನಸ್ಸಿನದು ತಾನಾಗಿ ಮೈಮೇಲೆ ಕಾಣುವುದನ್ನು, ಎಂಟು ಎಂದು ಎಣಿಸಿದೆ: ಸ್ತಬ್ಧವಾಗುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಅದರಲ್ಲಿ ಹೃದಯ ನಿಲ್ಲುವುದು ಇಲ್ಲ. ಪಟ್ಟಿ ಮಾಡಿದವರು ನೋಡುವವನ ಕಣ್ಣಿಗೆ ಕಾಣುವಂಥದ್ದನ್ನು ಮಾತ್ರ ಬರೆದುಕೊಂಡರು. ವಿನಯ್ ಚಿಲ್ಲರೆ ಎಣಿಸಿಕೊಳ್ಳದೆ ಜೇಬಿಗೆ ಹಾಕಿಕೊಂಡ ಅಂತ ಬರೆಯಿರಿ, ಇಳಿಯುವ ಸ್ಟಾಪು ದಾಟಿದರೂ ಕಂಬ ಹಿಡಿದುಕೊಂಡೇ ನಿಂತಿದ್ದ ಅಂತ ಬರೆಯಿರಿ. ನನಗೆ ಅರ್ಥವಾಗುತ್ತದೆ.

ಎರಡನೆಯ ಸಾಲು, ‘ಪದಗಳಲ್ಲಿ ವರ್ಣಿಸಲಾಗದ’. ವರ್ಣಿಸಲು ಆಗದಿದ್ದರೆ ಎಂಟು ಪುಟ ಯಾಕೆ ಕಳಿಸಿದಿರಿ? ಬಡಗಿ ಬಂದು ‘ಈ ಬಾಗಿಲನ್ನು ಮರದಲ್ಲಿ ಮಾಡಲಾಗದು’ ಎಂದು ಹೇಳಿ ಕೂಲಿ ಕೇಳಿದ ಹಾಗಾಯಿತು.

ಮೂರನೆಯ ಸಾಲಿನ ಕಡಲಿನ ವಿಷಯ ಬಿಡಿ. ದಾವಣಗೆರೆಯಲ್ಲಿ ಮುಳುಗಲು ಕುಂದವಾಡ ಕೆರೆ ಸಾಕು.

ಮುಖ ಬೇಕೇ ಬೇಕು ಅಂತ ನಿಮಗೆ ಯಾರು ಹೇಳಿದರು? ನಮ್ಮ ಕನ್ನಡದಲ್ಲೇ ಎಂಟುನೂರು ವರ್ಷ ಹಿಂದೆ, 1209ರಲ್ಲಿ, ಜನ್ನ ಯಶೋಧರ ಚರಿತೆ ಬರೆದ. ಅದರಲ್ಲಿ ರಾಣಿ ಅಮೃತಮತಿ ಒಂದು ರಾತ್ರಿ ಆನೆಯ ಲಾಯದ ಕಡೆಯಿಂದ ಬರುವ ಹಾಡು ಕೇಳುತ್ತಾಳೆ. ಹಾಡುವವನ ಮುಖ ಕಂಡಿಲ್ಲ, ಮನಸ್ಸು ಆಗಲೇ ಹೋಗಿಬಿಟ್ಟಿದೆ. ನೋಡಿ ಬಾ ಅಂತ ದೂತಿಯನ್ನು ಕಳಿಸಿದರೆ ಅವಳು ಅಸಹ್ಯಪಟ್ಟುಕೊಂಡು ವಾಪಸು ಬರುತ್ತಾಳೆ, ಮಾವುತ ಅಷ್ಟು ಕುರೂಪಿ. ರಾಣಿ ಹಿಂದೆ ಸರಿಯುವುದಿಲ್ಲ. ಜನ್ನನಿಗೆ ಆಕೆಯ ಮೇಲೆ ಕರುಣೆ ಇಲ್ಲ, ಕಾವ್ಯದ ಉದ್ದೇಶ ಜೈನಧರ್ಮದ ಅಹಿಂಸೆಯನ್ನು ಹೇಳುವುದು. ಆದರೂ ಕಾಲೇಜಿನಲ್ಲಿ ಅದನ್ನು ಓದಿದ ಯಾರನ್ನಾದರೂ ಕೇಳಿ, ಅವರಿಗೆ ನೆನಪಿರುವುದು ಆ ಇರುಳಿನ ಹಾಡು. ನಮಗೆ ಒಪ್ಪಿಗೆಯಾಗದ ಪ್ರೇಮವೂ ನಮ್ಮನ್ನು ಹಿಡಿದು ಕೂರಿಸುತ್ತದೆ. ‘ಪ್ರೀತಿ ಎಲ್ಲರ ಎದೆಯಲ್ಲೂ ಇದೆ’ ಎಂಬ ನಿಮ್ಮ ವಿವರಣೆ ಇಲ್ಲಿ ಏನೇನೂ ಸಾಲದು.

ಈಗ ನನಗೆ ಎರಡನೇ ಸಲ ಸಿಟ್ಟು ಬಂದದ್ದರ ಕಾರಣ. ನಾಲ್ಕನೇ ಪುಟದ ಕೆಳಗೆ, ಯಾರೂ ನೋಡಬಾರದೆಂಬಂತೆ, ಇದನ್ನು ಬರೆದಿದ್ದೀರಿ.

‘ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಇಬ್ಬರೂ ಹತ್ತು ನಿಮಿಷ ಅಲ್ಲೇ ನಿಂತಿದ್ದರು. ಅವಳು ಮಂಡಕ್ಕಿ ಪೊಟ್ಟಣದಿಂದ ಹಸಿಮೆಣಸಿನಕಾಯಿ ಚೂರುಗಳನ್ನು ಆರಿಸಿ ತನ್ನ ಕಡೆ ಇಟ್ಟುಕೊಂಡಳು. ನಂತರ ಗೇಟು ತೆಗೆಯಿತು. ಅವರ ಪ್ರೀತಿ ದಿನದಿಂದ ದಿನಕ್ಕೆ ಹೆಮ್ಮರವಾಗಿ ಬೆಳೆಯಿತು.’

ಅಲ್ರೀ, ಇದು ನಿಮ್ಮ ಕೈಗೆ ಎಲ್ಲಿಂದ ಬಂತು? ಬಂದಮೇಲೆ ಯಾಕೆ ಬಿಸಾಕಿದಿರಿ?

ಆ ಗೇಟಿನ ಮುಂದೆ ನಿಂತವರಿಗೆಲ್ಲ ಗೊತ್ತು. ಹುಬ್ಬಳ್ಳಿ ಕಡೆಯಿಂದ ಗೂಡ್ಸ್ ಬರುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ಎರಡೂ ಕಡೆ ಆಟೋ, ಸೈಕಲ್ಲು, ಚೀಲ ಹೇರಿದ ಲಗೇಜು ಗಾಡಿ. ಹಿಂದಿನಿಂದ ಹಾರನ್ನು. ಮುಂದೆ ಹೋಗುವ ಹಾಗಿರಲಿಲ್ಲ, ಹಿಂದೆ ಸರಿಯಲು ಜಾಗವಿರಲಿಲ್ಲ, ಮಾತಾಡಿದರೆ ಗಾಲಿಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿ ಇರಲಿಲ್ಲ. ಅಲ್ಲಿ ಒಬ್ಬ ಹುಡುಗಿ ಖಾರ ಮಂಡಕ್ಕಿಯೊಳಗಿನ ಮೆಣಸಿನಕಾಯಿ ಚೂರು ಆರಿಸುತ್ತಾಳೆ. ಅವನಿಗೆ ಖಾರ ಆಗುವುದಿಲ್ಲ ಅಂತ ಅವಳಿಗೆ ಹೇಗೆ ಗೊತ್ತು? ಅವನು ಹೇಳಿಲ್ಲ, ನಿಮ್ಮ ಎಂಟೂ ಪುಟ ಹುಡುಕಿದೆ, ಎಲ್ಲೂ ಹೇಳಿಲ್ಲ. ಹಾಗಾದರೆ ಅವಳು ಯಾವತ್ತೋ ನೋಡಿದ್ದಾಳೆ. ಮಿರ್ಚಿ ಕಚ್ಚಿ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೂ ಕಾಣದ ಹಾಗೆ ಇದ್ದಿರಬೇಕು. ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಇದೆಲ್ಲ ನಿಮ್ಮ ಕಥೆಯಲ್ಲಿಲ್ಲ, ನಾನೇ ಕಟ್ಟಿಕೊಂಡೆ. ಅರವತ್ತು ದಾಟಿದ ಮುದುಕ, ಬಿಪಿ ಮಾತ್ರೆ ನುಂಗಿ ಕೂತು, ಇರದ ಹುಡುಗಿಯೊಬ್ಬಳ ಮನಸ್ಸಿನೊಳಗೆ ಹೋಗಿ ಬಂದೆ.

ಪ್ರೇಮಕಥೆ ಹಿಡಿಯುವುದು ಇಲ್ಲಿ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರನಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ, ಅದಕ್ಕೇ ಪುಟ ತಿರುವುತ್ತೇವೆ. ಪ್ರೇಮಕಥೆಯಲ್ಲಿ ಉಲ್ಟಾ. ಅವರಿಬ್ಬರಿಗೆ ಇನ್ನೂ ಗೊತ್ತಾಗದ್ದು ನಮಗೆ ಆಗಲೇ ಗೊತ್ತಾಗಿಬಿಟ್ಟಿರುತ್ತದೆ, ಹೇಳೋಣವೆಂದರೆ ಪುಟದೊಳಗೆ ಕೈ ಹೋಗುವುದಿಲ್ಲ. ‘ಲೇ ಹುಡುಗಾ, ಪೊಟ್ಟಣ ನೋಡೋ’ ಅಂತ ಕೂಗಬೇಕೆನಿಸುತ್ತದೆ. ಅವನು ಮಾತ್ರ ಗೂಡ್ಸ್ ಡಬ್ಬಿ ಎಣಿಸುತ್ತಾ ನಿಂತಿರಬೇಕು. ಕೊನೆಗೆ ಇಬ್ಬರೂ ಸೇರುತ್ತಾರೆ ಅಂತ ಓದುಗರಿಗೆ ಎಷ್ಟೋ ಸಲ ಮೊದಲೇ ಗೊತ್ತಿರುತ್ತದೆ, ಲಗ್ನಪತ್ರಿಕೆ ಕೈಯಲ್ಲಿ ಹಿಡಿದೇ ಓದುತ್ತಾರೆ. ಅವರಿಗೆ ಬೇಕಾದದ್ದು ಆ ಚಡಪಡಿಕೆ.

ನೀವು ಏನು ಮಾಡಿದ್ದೀರಿ? ಮೂರನೇ ಪುಟದಲ್ಲೇ ‘ಐ ಲವ್ ಯೂ’ ಅನ್ನಿಸಿಬಿಟ್ಟು, ನಾಲ್ಕನೇ ಪುಟದಲ್ಲಿ ಗೇಟು ಹಾಕಿಸಿದ್ದೀರಿ. ಹೇಳಿ ಮುಗಿಸಿದ ಮೇಲೆ ಮೆಣಸಿನಕಾಯಿ ಆರಿಸಿದರೆ ಅದು ಬರೀ ಉಪಚಾರ. ಹೇಳುವ ಮೊದಲು ಆರಿಸಿದರೆ ಅದೇ ಹೇಳಿದ್ದು.

ನನಗೆ ಈ ಹುಚ್ಚು ಹಿಡಿದದ್ದೂ ಮಂಡಕ್ಕಿ ಪೊಟ್ಟಣದಿಂದಲೇ. ಸುಧಾ 1965ರಲ್ಲಿ ಶುರುವಾಗಿತ್ತು. ನಾನು ಓದಲು ಕಲಿಯುವ ಹೊತ್ತಿಗೆ ನಮ್ಮ ವಠಾರದಲ್ಲಿ ವಾರಪತ್ರಿಕೆಗಳು ಒಂದು ಮನೆಗೆ ಬಂದು ಆರು ಮನೆ ಸುತ್ತುತ್ತಿದ್ದವು. ಧಾರಾವಾಹಿ ಬರುವ ದಿನ ನಮ್ಮ ಚಿಕ್ಕಮ್ಮ ಜಗಲಿಯ ಮೇಲೆ ಗಟ್ಟಿಯಾಗಿ ಓದುವವರು, ಉಳಿದ ಹೆಂಗಸರು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುವವರು. ಸರಿಯಾದ ಜಾಗಕ್ಕೆ ಬಂದಾಗ ಚಿಕ್ಕಮ್ಮ ‘ಅಯ್ಯ, ಒಲೆ ಮೇಲೆ ಹಾಲಿಟ್ಟೀನಿ’ ಅಂತ ಎದ್ದು ಒಳಗೆ ಹೋಗುತ್ತಿದ್ದರು. ಹಾಲು ಇರುತ್ತಿರಲಿಲ್ಲ. ಮಿಲ್ಲಿನ ಕೂಗು ಆದರೂ, ಗಂಡಂದಿರು ಪಾಳಿ ಮುಗಿಸಿ ಬರುವ ಹೊತ್ತಾದರೂ ಯಾರೂ ಏಳುತ್ತಿರಲಿಲ್ಲ. ಆಕೆ ಒಂದು ಸಾಲೂ ಬರೆದವರಲ್ಲ. ನಾನು ಕಂಡ ದೊಡ್ಡ ಕಥೆಗಾರ್ತಿ ಅವರೇ.

ಹೀಗೆ ಸುತ್ತಿ ಸುತ್ತಿ ಹಳತಾದ ಪತ್ರಿಕೆ ಕೊನೆಗೆ ಮಂಡಕ್ಕಿ ಅಂಗಡಿಗೆ ಹೋಗುತ್ತಿತ್ತು. ಒಂದು ಸಂಜೆ ತಿಂದು ಪೊಟ್ಟಣ ಬಿಡಿಸಿದರೆ ಯಾವುದೋ ಧಾರಾವಾಹಿಯ ಒಂದು ಹಾಳೆ. ಹೆಂಗಸೊಬ್ಬಳು ಹೊಸ್ತಿಲು ದಾಟಿದವಳು ತಿರುಗಿ ನಿಂತು ‘ಒಂದು ಮಾತು’ ಅನ್ನುತ್ತಾಳೆ. ಅಲ್ಲಿಗೆ ಎಣ್ಣೆ ಕಲೆ. ಕಲೆ ಮುಗಿದ ಮೇಲೆ ಹಾಳೆಯೂ ಮುಗಿದಿತ್ತು. ನಾನು ಓಡಿಹೋಗಿ ಅಂಗಡಿಯವನ ಹತ್ತಿರ ಉಳಿದ ಪುಟ ಕೇಳಿದೆ. ಅವನು ಇನ್ನೊಂದು ಪೊಟ್ಟಣಕ್ಕೆ ದುಡ್ಡು ಕೇಳಿದ. ಕಾದಂಬರಿಯ ಹೆಸರು ಇವತ್ತಿಗೂ ಗೊತ್ತಿಲ್ಲ. ಓದಿ ಮುಗಿಸಿದ ನೂರು ಕಾದಂಬರಿಗಳ ಕೊನೆ ಮರೆತಿದ್ದೇನೆ, ಆ ಹೊಸ್ತಿಲು ಮರೆತಿಲ್ಲ. 1927ರಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿರುತ್ತದೆಂದು ಬರೆದಳು. ಆಮೇಲೆ ಪರೀಕ್ಷಿಸಿ ನೋಡಿದವರಿಗೆಲ್ಲ ಅದೇ ಫಲ ಸಿಗಲಿಲ್ಲ. ಅವರು ಮಂಡಕ್ಕಿ ಪೊಟ್ಟಣದಿಂದ ಶುರುಮಾಡಬೇಕಿತ್ತು. ನಮ್ಮ ಕಡೆಯವರು ಇದನ್ನು ಇನ್ನೂ ಮೊದಲೇ ಹೇಳಿದ್ದರು. ಎಲ್ಲ ರಸಕ್ಕಿಂತ ಮಧುರವಾದದ್ದು ಶೃಂಗಾರ, ಅದರಲ್ಲೂ ಅಗಲಿಕೆಯ ಶೃಂಗಾರದಲ್ಲಿ ಮನಸ್ಸು ಹೆಚ್ಚು ಕರಗುತ್ತದೆ ಎಂದ ಕಾವ್ಯಮೀಮಾಂಸಕ ಆನಂದವರ್ಧನ ಒಂಬತ್ತನೇ ಶತಮಾನದವನು.

‘ಹೆಮ್ಮರವಾಗಿ ಬೆಳೆಯಿತು’ ಎಂಬ ಸಾಲಿಗೆ ಬರುತ್ತೇನೆ. ಕುತೂಹಲಕ್ಕೆ ಎಣಿಸಿದೆ. ನಿಮ್ಮ ಎಂಟು ಪುಟದಲ್ಲಿ ‘ಪ್ರೀತಿ’ ಮೂವತ್ತೇಳು ಸಲ ಇದೆ.

1983ರಲ್ಲಿ ನಾನು ಇದೇ ಊರಿನ ಒಂದು ಅಚ್ಚುಕೂಟಕ್ಕೆ ಪ್ರೂಫ್ ನೋಡಲು ಸೇರಿದೆ. ಹಗಲೆಲ್ಲ ಮಂಡಿಯವರ ಬಿಲ್ ಬುಕ್ಕು, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು. ವಾರಕ್ಕೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆ. ಅದರಲ್ಲಿ ನನ್ನದೊಂದು ಪ್ರೇಮಕಥೆ ಹಾಕಿಸಬೇಕೆಂದು ಮಾಲೀಕರನ್ನು ಕಾಡಿ ಬೇಡಿ ಒಪ್ಪಿಸಿದೆ. ಅಚ್ಚಿನ ಸೀಸದ ಅಕ್ಷರಗಳಿಗೆ ಮೊಳೆ ಅನ್ನುತ್ತಿದ್ದೆವು, ಅವನ್ನಿಡುವ ಪೆಟ್ಟಿಗೆಗೆ ಕೇಸು. ಮೊಳೆ ಜೋಡಿಸುತ್ತಿದ್ದ ಹಿರಿಯರು ಹಸ್ತಪ್ರತಿ ಓದಿ, ಜೋಡಿಸುವ ಸ್ಟಿಕ್ಕು ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದರು.

‘ತಮ್ಮಾ, ಇದ್ರಾಗೆ ಪ್ರೀತಿ ನಲವತ್ತೊಂದು ಸಲ ಐತಿ. ನನ್ನ ಕೇಸಿನಾಗೆ ಅಷ್ಟು ಪ್ರೀತಿ ಕಟ್ಟೋಕೆ ಮೊಳೆ ಇಲ್ಲ. ಹದಿನೆಂಟು ಆಗ್ತಾವೆ. ಎಲ್ಲೆಲ್ಲಿ ಬೇಕೋ ನೀನೇ ಗುರ್ತು ಮಾಡ್ಕೊಡು.’

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ನಿಜವಾಗಿಯೂ ಮೊಳೆ ಕಡಿಮೆ ಇತ್ತು. ಟ್ರೆಡಲ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಸೀಸದ ವಾಸನೆಯಲ್ಲಿ, ಒಂದೊಂದೇ ಪ್ರೀತಿ ಹೊಡೆದುಹಾಕುತ್ತಾ ಹೋದೆ. ಹೊಡೆದ ಕಡೆಯೆಲ್ಲ ತೂತು ಬಿತ್ತು, ತೂತಿಗೆ ಏನಾದರೂ ತುಂಬಬೇಕು. ಒಂದು ಕಡೆ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋದದ್ದು ಬಂತು. ಇನ್ನೊಂದು ಕಡೆ ಅವನು ಸೈಕಲ್ಲಿನಿಂದಿಳಿದು ಅವಳ ನಡಿಗೆಗೆ ಸರಿಯಾಗಿ ತಳ್ಳಿಕೊಂಡು ಹೋದದ್ದು ಬಂತು. ಸಂಜೆಗೆ ಎಣಿಸಿದರೆ ಎರಡು ಉಳಿದಿದ್ದವು. ಹಿರಿಯರು ಅವೆರಡನ್ನೂ ಬೆರಳಿನಿಂದ ಮುಚ್ಚಿ ಓದಿ ನೋಡಿದರು, ಮಾತಾಡದೆ ಮೊಳೆ ಜೋಡಿಸಲು ಕೂತರು. ಅಚ್ಚಾಗಿ ಬಂದಾಗ ಅವೆರಡೂ ಇರಲಿಲ್ಲ. ಆಗ ಸಿಟ್ಟು ಬಂದಿತ್ತು.

ನೋಡಪ್ಪಾ, ಕಂಪ್ಯೂಟರಿನಲ್ಲಿ ಮೊಳೆ ಖಾಲಿಯಾಗುವುದಿಲ್ಲ. ನಿನಗೆ ಬಂದಿರುವ ಕಷ್ಟ ಅದೊಂದೇ. (ಏಕವಚನಕ್ಕೆ ಇಳಿದುಬಿಟ್ಟೆ, ವಯಸ್ಸು. ತಪ್ಪು ತಿಳಿಯಬೇಡಿ.)

ಇನ್ನು ಅಪ್ಪ. ಇದೊಂದನ್ನು ಹೇಳದೆ ಬಿಡಲಾರೆ, ಉಳಿದದ್ದೆಲ್ಲ ಬಿಡುತ್ತೇನೆ. ಹಮಾಲರು ದೊಣ್ಣೆ ಹಿಡಿದು ಬರುತ್ತಾರಂತೆ. ಚೀಲ ಹೊತ್ತರೆ ಕೂಲಿ ಸಿಗುವವರು ಸಾವ್ಕಾರರ ಮಗಳ ಹಿಂದೆ ಯಾಕೆ ಬರುತ್ತಾರೆ? ಅಡ್ಡಿ ಎನ್ನುವುದು ಹೊರಗಿನಿಂದ ದೊಣ್ಣೆ ಹಿಡಿದು ಬಂದರೆ ಓದುಗರಿಗೆ ಅದು ಹೊಡೆದಾಟ, ಸುಮ್ಮನೆ ನೋಡುತ್ತಾರೆ. ಅಡ್ಡಿ ತಾನು ಪ್ರೀತಿಸುವವರಿಂದಲೇ ಬರಬೇಕು. ಪಕ್ಕದ ದುರ್ಗದವರನ್ನು ಕೇಳಿ. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಾಗರಹಾವು ಸಿನಿಮಾ ಮಾಡಿದಾಗ ರಾಮಾಚಾರಿಯ ಕೈಯಿಂದ ಅಲಮೇಲುವನ್ನು ಬಿಡಿಸಿದ್ದು ಯಾವ ರೌಡಿಯೂ ಅಲ್ಲ, ಚಾಮಯ್ಯ ಮೇಷ್ಟ್ರು. ಯಾರ ಮಾತನ್ನೂ ಕೇಳದ ಹುಡುಗ ಯಾರೊಬ್ಬರ ಮಾತು ಮೀರಲಾರನೋ ಅವರೇ ಬಂದು ಬಿಟ್ಟುಬಿಡು ಎನ್ನುತ್ತಾರೆ. ಐವತ್ತು ವರ್ಷದ ಮೇಲಾದರೂ ಕೋಟೆ ಹತ್ತುವ ಜನ ‘ಮೇಷ್ಟ್ರು ಹಾಗೆ ಮಾಡಬಾರದಿತ್ತು’ ಅಂತ ಜಗಳವಾಡುತ್ತಾರೆ.

ಮಂಡಿಯವರನ್ನು ನಾನು ಹತ್ತಿರದಿಂದ ಕಂಡವನು. ಒಬ್ಬರು ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದರು. ಹುಡುಗ ಬೇರೆ ಪೈಕಿಯವನು, ಮಗಳು ಹಟ ಹಿಡಿದಿದ್ದಳು, ಊರಿಗೆಲ್ಲ ಗೊತ್ತಿತ್ತು. ಪ್ರೂಫನ್ನು ಮೂರು ಸಲ ಓದಿದರು. ತಪ್ಪೇನೂ ಇರಲಿಲ್ಲ. ಬೀಗರ ಹೆಸರಿನ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಕೇಳಿದರು: ‘ಈ ಹೆಸರು ಒಂದೀಟು ಸಣ್ಣ ಅಕ್ಷರದಾಗೆ ಬರ್ತತಾ?’

ನಮ್ಮ ಹಿರಿಯರು ತಲೆ ಎತ್ತದೆ ಹೇಳಿದರು: ‘ಎಲ್ಡೂ ಕಡೀಗೂ ಒಂದೇ ಸೈಜು ಸಾವ್ಕಾರ್ರೇ. ನಮ್ಮತ್ರ ಇರೋದೇ ಅಷ್ಟು.’

ಸುಳ್ಳು. ಬೇರೆ ಸೈಜು ಮೂರು ಕೇಸು ತುಂಬ ಇತ್ತು. ಸಾವ್ಕಾರರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಶಲ್ಯದಿಂದ ಮುಖ ಒರೆಸಿಕೊಂಡು, ಇನ್ನೂರು ಪ್ರತಿ ಹೆಚ್ಚಿಗೆ ಹಾಕಿ ಎಂದು ಅಡ್ವಾನ್ಸು ಎಣಿಸಿ ಹೋದರು. ನಿಮ್ಮ ಸಿಂಚನಾಳ ಅಪ್ಪ ಇವರ ಹಾಗಿರಲಿ. ‘ಆಯ್ತಮ್ಮಾ, ನಿನ್ನಿಷ್ಟ’ ಎಂದು ಹೇಳಿ ರಾತ್ರಿ ಊಟ ಬಿಡಲಿ. ಅವಳು ತಟ್ಟೆ ಹಾಕಿ ಕಾಯಲಿ.

ಕಥೆ ವಾಪಸು ಕಳಿಸುತ್ತಿದ್ದೇನೆ. ಬಸ್ಸು, ನಿವೇದನೆ, ದೊಣ್ಣೆ, ಮದುವೆ ಊಟ ಎಲ್ಲ ತೆಗೆದು ಗೇಟೊಂದನ್ನೇ ಬರೆದು ಕಳಿಸಿ. ಅಪ್ಪನನ್ನು ತರುವುದಾದರೆ ಅದೇ ಹತ್ತು ನಿಮಿಷದೊಳಗೆ ತನ್ನಿ. ಗೇಟಿನ ಆಚೆ ಕಡೆ ಸ್ಕೂಟರಿನ ಮೇಲೆ ಕೂತಿರಲಿ, ಗೂಡ್ಸ್ ಡಬ್ಬಿಗಳ ಸಂದಿನಲ್ಲಿ ಕಂಡೂ ಕಾಣದ ಹಾಗೆ. ಸಿಂಚನಾ ದಾವಣಗೆರೆಯ ಹುಡುಗಿಯ ಹಾಗೆ ಮಾತಾಡಲಿ. ‘ನಿನ್ನ ಸಾನ್ನಿಧ್ಯವೇ ನನಗೆ ಸ್ವರ್ಗ’ ಅಂತ ಈ ಊರಲ್ಲಿ ಯಾವ ಹುಡುಗಿಯೂ ಅಂದದ್ದಿಲ್ಲ, ಅಂದರೆ ಹುಡುಗ ಹೆದರಿ ಓಡುತ್ತಾನೆ. ‘ಏನ್ ನೋಡ್ತೀಯೋ, ತಿನ್ನು, ಮೆತ್ತಗಾಗ್ತತಿ’ ಅಂದರೆ ಸಾಕು. ಪ್ರೀತಿ ಎಂಬ ಮಾತಿಗೆ ನಿಮಗೆ ಎರಡು ಮೊಳೆ ಕೊಟ್ಟಿದ್ದೇನೆ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ, ಅದರ ಮುಂದಿನದಕ್ಕೆ ನೋಡೋಣ. ಅವಸರ ಬೇಡ.

ಒಂದು ಕೇಳುವುದಿತ್ತು. ಆ ಮೆಣಸಿನಕಾಯಿ ಚೂರುಗಳನ್ನು ತನ್ನ ಕಡೆ ಇಟ್ಟುಕೊಂಡಳು ಅಂತ ಬರೆದಿದ್ದೀರಲ್ಲ, ಗೇಟು ತೆಗೆದ ಮೇಲೆ ಅವನ್ನು ಏನು ಮಾಡಿದಳು? ತಿಂದಳೋ, ಕಾಗದದ ಜೊತೆ ಬಿಸಾಕಿದಳೋ? ಎರಡು ವಾರದಿಂದ ಇದೇ ಯೋಚನೆಯಾಗಿದೆ. ಕಥೆ ತಡವಾದರೂ ಪರವಾಗಿಲ್ಲ, ಇದಕ್ಕೊಂದು ಫೋನು ಮಾಡಿ.

ಇಂತು,
ನಿಮ್ಮ ಸಂಪಾದಕ
ದಾವಣಗೆರೆ